ಸುದ್ದಿ ಬಚ್ಚಿಟ್ಟು ಓದುಗರನ್ನು ಕರೆಯುವವರು

‘ರೈತರಿಗೆ ಬಂಪರ್ ಸುದ್ದಿ! ಈ ಒಂದು ಕೆಲಸ ಮಾಡದಿದ್ದರೆ ಖಾತೆಗೆ ಹಣ ಬರಲ್ಲ.’ ಪಿಎಂ ಕಿಸಾನ್ ಕಂತು ಹತ್ತಿರ ಬಂದಾಗಲೆಲ್ಲ ಕನ್ನಡದ ಜಾಲತಾಣಗಳಲ್ಲಿ ಈ ಧಾಟಿಯ ಹೆಡ್ಡಿಂಗುಗಳು ಸಾಲುಗಟ್ಟುತ್ತವೆ. ಒಳಗೆ ಹೋದರೆ ಮೊದಲು ಪೀಠಿಕೆ: ಯೋಜನೆ 2019ರಲ್ಲಿ ಶುರುವಾಯಿತು, ವರ್ಷಕ್ಕೆ 6,000 ರೂಪಾಯಿ, ಮೂರು ಕಂತು. ಆಮೇಲೆ ಜಾಹೀರಾತು. ಅದೇ ಪೀಠಿಕೆ ಬೇರೆ ಮಾತಿನಲ್ಲಿ ಇನ್ನೊಮ್ಮೆ. ಮತ್ತೆ ಜಾಹೀರಾತು. ಕಟ್ಟಕಡೆಯ ಪ್ಯಾರಾದಲ್ಲಿ ಆ ‘ಒಂದು ಕೆಲಸ’ ಇ-ಕೆವೈಸಿ ಎಂದು ಗೊತ್ತಾಗುತ್ತದೆ. ರೈತನಿಗೆ ಬೇಕಿದ್ದದ್ದು ಅದೊಂದೇ, ಜೊತೆಗೆ ಅದನ್ನು ಎಲ್ಲಿ ಮಾಡಿಸಬೇಕೆಂಬ ಒಂದು ಸಾಲು. ಅದನ್ನು ತಡೆಹಿಡಿಯುವುದರ ಮೇಲೆಯೇ ಇಡೀ ಬರಹ ನಿಂತಿದೆ.

ಇದು ಕೆಟ್ಟ ಪತ್ರಿಕೋದ್ಯಮ. ಜಾಹೀರಾತಿನ ದುಡ್ಡು ವ್ಯೂಸ್ ಲೆಕ್ಕದಲ್ಲಿ ಬರುತ್ತದೆ, ಡೆಸ್ಕಿನಲ್ಲಿ ಕೂತ ಹುಡುಗ ಹುಡುಗಿಯರ ಮೇಲೆ ದಿನದ ಟಾರ್ಗೆಟ್ ಇರುತ್ತದೆ ಎನ್ನುವುದೆಲ್ಲ ನಿಜ. ಆದರೆ ಈ ದಾರಿ ವ್ಯಾಪಾರದ ದೃಷ್ಟಿಯಿಂದಲೂ ಗಟ್ಟಿಯಲ್ಲ ಎಂಬುದಕ್ಕೆ ಹಳೆಯ ಪುರಾವೆಗಳಿವೆ. ಹುಡುಕಾಟಕ್ಕೆ ಸಿಗಲೆಂದೇ ರಾಶಿ ರಾಶಿ ಟೊಳ್ಳು ಲೇಖನ ಬರೆಸುತ್ತಿದ್ದ ಅಮೆರಿಕದ ತಾಣಗಳನ್ನು 2011ರ ಫೆಬ್ರುವರಿಯಲ್ಲಿ ಗೂಗಲ್ ‘ಪಾಂಡಾ’ ಎಂಬ ಬದಲಾವಣೆಯಿಂದ ಕೆಳಕ್ಕೆ ತಳ್ಳಿತು. ಅಲ್ಲಿನ ಶೇ 12ರಷ್ಟು ಹುಡುಕಾಟಗಳ ಫಲಿತಾಂಶ ಅದರಿಂದ ಬದಲಾಯಿತು. 2014ರ ಆಗಸ್ಟ್‌ನಲ್ಲಿ ಫೇಸ್‌ಬುಕ್ ಕೂಡ, ಲಿಂಕ್ ಒತ್ತಿದವರು ತಕ್ಷಣ ವಾಪಸ್ ಬಂದರೆ ಅಂಥ ಪೋಸ್ಟನ್ನು ಕಡಿಮೆ ಜನರಿಗೆ ತೋರಿಸುವುದಾಗಿ ಹೇಳಿತು. ನಮ್ಮಲ್ಲಿ ಇನ್ನೂ ಎಷ್ಟೋ ಪುಟಗಳ ಅಡಿಯಲ್ಲಿ ಕೀವರ್ಡುಗಳ ದೊಡ್ಡ ಗೊಂಚಲು ತೂಗುತ್ತಿರುತ್ತದೆ, ಕನ್ನಡದಲ್ಲೊಮ್ಮೆ, ಇಂಗ್ಲಿಷ್ ಅಕ್ಷರಗಳಲ್ಲೊಮ್ಮೆ. ಇಂಥದೇ ಕೀವರ್ಡ್ ಪಟ್ಟಿಯನ್ನು ಪುಟದ ಕೋಡ್‌ನಲ್ಲಿ ತುಂಬಿದರೂ ಅದನ್ನು ರ‍್ಯಾಂಕಿಂಗ್‌ಗೆ ಪರಿಗಣಿಸುವುದಿಲ್ಲ ಎಂದು ಗೂಗಲ್ 2009ರಲ್ಲೇ ಬಹಿರಂಗವಾಗಿ ತಿಳಿಸಿದೆ.

ಇಷ್ಟೆಲ್ಲ ಶ್ರಮ ಹೆಡ್ಡಿಂಗಿನ ಚಮತ್ಕಾರಕ್ಕೆ ಹೋಗುವಾಗ, ಓದುಗರನ್ನು ನಿಜಕ್ಕೂ ತಂದುಕೊಡಬಲ್ಲ ಸರಕು ಧೂಳು ಹಿಡಿದು ಬಿದ್ದಿದೆ. ಪ್ರತಿ ಅಕ್ಷರಕ್ಕೂ ಎಲ್ಲೆಡೆ ಒಂದೇ ಸಂಕೇತ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮುಂಚೆ ಕನ್ನಡ ತಾಣಗಳು ತಮ್ಮದೇ ಫಾಂಟುಗಳಲ್ಲಿ ಪ್ರಕಟವಾಗುತ್ತಿದ್ದವು. ಆ ಫಾಂಟ್ ಹಾಕಿಕೊಂಡವರ ಪರದೆಯ ಮೇಲೆ ಕನ್ನಡ ಕಾಣುತ್ತಿತ್ತು, ಹಿಂದೆ ಕಡತದಲ್ಲಿ ಇದ್ದದ್ದು ಮಾತ್ರ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಹುಡುಕುಯಂತ್ರ ಓದುವುದು ಕಡತವನ್ನೇ. ಹೀಗಾಗಿ ಆ ವರ್ಷಗಳ ಒಳ್ಳೆಯ ಸಂದರ್ಶನ, ಪುಸ್ತಕ ವಿಮರ್ಶೆ, ಊರಿನ ಇತಿಹಾಸ ಯಾವುದೂ ಇಂದು ಕನ್ನಡದಲ್ಲಿ ಟೈಪ್ ಮಾಡಿ ಹುಡುಕುವವರ ಕಣ್ಣಿಗೆ ಬೀಳುವುದಿಲ್ಲ. ಪತ್ರಿಕೆಯ ಪುಟವನ್ನು ಫೋಟೊ ಮಾಡಿ ಬ್ಲಾಗಿಗೆ ಹಾಕುವವರ ಕತೆಯೂ ಹೆಚ್ಚುಕಡಿಮೆ ಇದೇ. ಬರೆದವರ ಶ್ರಮ ಅಲ್ಲೇ ಇದೆ, ಅದನ್ನು ತಲುಪುವ ದಾರಿಯಿಲ್ಲ. ನನಗೆ ತೀರಾ ನೋವು ತರುವ ಸಂಗತಿ ಇದು.

ಇದಕ್ಕೆ ವಿರುದ್ಧವಾದ ಮಾದರಿಯೂ ಕಣ್ಣೆದುರಿಗಿದೆ. ‘ವಚನ ಸಂಚಯ’ ತಾಣ 20,000ಕ್ಕೂ ಹೆಚ್ಚು ವಚನಗಳನ್ನು ಯೂನಿಕೋಡ್‌ನಲ್ಲಿ ಕೊಟ್ಟಿದೆ. ಅಲ್ಲಿ ಯಾವುದೇ ಪದವನ್ನು ಹುಡುಕಿ, ಅದು ಯಾವ ಯಾವ ವಚನಕಾರರಲ್ಲಿ ಬಂದಿದೆ ಎಂದು ನೋಡಬಹುದು. ಅರ್ಧ ಸಾಲು ನೆನಪಿದ್ದ ಮೇಷ್ಟ್ರಿಗೂ ಪಿಎಚ್‌ಡಿ ವಿದ್ಯಾರ್ಥಿಗೂ ಮತ್ತೆ ಮತ್ತೆ ಹೋಗಬೇಕಾದ ಜಾಗ ಅದು. ಒಮ್ಮೆ ಉಪಯೋಗಕ್ಕೆ ಬಂದರೆ ಜನ ವಿಳಾಸ ನೆನಪಿಟ್ಟುಕೊಳ್ಳುತ್ತಾರೆ, ತಮ್ಮ ಬರಹಗಳಲ್ಲಿ ಕೊಂಡಿ ಕೊಡುತ್ತಾರೆ. ಗೂಗಲ್ ಸ್ಥಾಪಕರಾದ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ 1998ರಲ್ಲಿ ಮಂಡಿಸಿದ ಪೇಜ್‌ರ‍್ಯಾಂಕ್ ಕ್ರಮ ಇಂಥ ಕೊಂಡಿಗಳನ್ನೇ ಸಾಕ್ಷಿಯಾಗಿ ಎಣಿಸುತ್ತಿತ್ತು.

ಎಲ್ಲರೂ ವಚನ ಕೋಶ ಕಟ್ಟಬೇಕಿಲ್ಲ. ತಾಲ್ಲೂಕಿನ ಅಡಿಕೆ ಧಾರಣೆ, ಊರ ಜಾತ್ರೆಯ ದಿನಾಂಕ, ಪಹಣಿ ತಿದ್ದುಪಡಿಗೆ ಬೇಕಾದ ದಾಖಲೆಗಳು ಇವನ್ನು ಸರಿಯಾಗಿ, ತಾರೀಖು ಹಾಕಿ ಬರೆದಿಟ್ಟರೂ ಹುಡುಕಿಕೊಂಡು ಬರುವವರಿದ್ದಾರೆ. ಸಂಪಾದಕರಲ್ಲಿ ನನ್ನ ಕೋರಿಕೆ ಎರಡೇ. ಇ-ಕೆವೈಸಿ ಎಂಬುದನ್ನು ಹೆಡ್ಡಿಂಗಿನಲ್ಲೇ ಹೇಳಿ, ಮಾಡಿಸುವ ವಿಧಾನವನ್ನು ಮೊದಲ ಪ್ಯಾರಾದಲ್ಲಿ ಕೊಡಿ. ನಿಮ್ಮ ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿ. ಅದಕ್ಕೆ ಬೇಕಾದ ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ.