ಹಾಡುವ ನಟನ ಶಿಕ್ಷಣ

ಪು.ತಿ. ನರಸಿಂಹಾಚಾರ್ಯರ ‘ಗೋಕುಲ ನಿರ್ಗಮನ’ ಓದಿ ಮುಗಿಸುವ ಕೃತಿಯಲ್ಲ. ಅದು ಗೀತನಾಟಕ, ಕೃಷ್ಣನು ಗೋಕುಲವನ್ನು ತೊರೆಯುವ ವ್ಯಥೆ ಅಲ್ಲಿ ರಾಗವನ್ನು ಬಿಟ್ಟು ನಿಲ್ಲದು. ಹೆಗ್ಗೋಡಿನ ನೀನಾಸಂ ತಿರುಗಾಟದ ನಟರಿಂದ ಬಿ.ವಿ. ಕಾರಂತರು ಇದನ್ನು ಆಡಿಸಿದರು. ಆ ಪ್ರಯೋಗದ ಚಿತ್ರಮುದ್ರಿಕೆಯನ್ನು ನೋಡಿದಂದಿನಿಂದ ನಮ್ಮನ್ನು ಕಾಡುತ್ತಿರುವ ಪ್ರಶ್ನೆ ಒಂದೇ. ಹಾಡುತ್ತ, ಹೆಜ್ಜೆಯಿಡುತ್ತ, ಮಾತಿನ ಅರ್ಥವನ್ನೂ ಕೆಡಿಸದ ನಟನು ಎಲ್ಲಿ ತಯಾರಾಗಬೇಕು?

ಕಾರಂತರ (1929–2002) ಬಾಳನ್ನೇ ನೋಡೋಣ. ಅವರು ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಗುಬ್ಬಿ ವೀರಣ್ಣನವರ ಕಂಪನಿಯನ್ನು ಸೇರಿದರು. ಕಂಪನಿಯಲ್ಲಿ ರಾತ್ರಿಯ ಆಟವೇ ಪಾಠ. ಸಂಗೀತ ಬೇರೆ, ಅಭಿನಯ ಬೇರೆ ಎಂಬ ಗೋಡೆಯಿಲ್ಲ. ಬಳಿಕ ಕಾಶಿಯಲ್ಲಿ ಓಂಕಾರನಾಥ ಠಾಕೂರರಲ್ಲಿ ಹಿಂದೂಸ್ತಾನಿ ಸಂಗೀತ, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ರಂಗಶಿಕ್ಷಣ. ಕಿವಿ ಮೊದಲು, ಶಾಸ್ತ್ರ ಆಮೇಲೆ. ಈ ಕ್ರಮವೇ ಅವರ ರಂಗಸಂಗೀತದ ಗುಟ್ಟೆಂದು ನಾವು ಬಗೆಯುತ್ತೇವೆ.

ಕೆ.ವಿ. ಸುಬ್ಬಣ್ಣನವರು 1980ರಲ್ಲಿ ನೀನಾಸಂ ರಂಗಶಿಕ್ಷಣ ಕೇಂದ್ರವನ್ನು ತೆರೆದದ್ದು ನಗರದಲ್ಲಲ್ಲ, ಸಾಗರ ತಾಲ್ಲೂಕಿನ ಹಳ್ಳಿಯಲ್ಲಿ. ಪಾಠ ಇಂಗ್ಲಿಷಿನಲ್ಲಲ್ಲ, ಕನ್ನಡದಲ್ಲಿ. ಗಡಿಯಾಚೆ ಕನ್ನಡ ಕಲಿಸುವ ನಮ್ಮಂಥವರಿಗೆ ಇದು ಸಣ್ಣ ಸಂಗತಿಯಲ್ಲ. 1985ರಿಂದ ಊರೂರಿಗೆ ನಾಟಕ ಹೊತ್ತು ಹೊರಟ ‘ತಿರುಗಾಟ’ವೂ ಅದೇ ಬೇರಿನ ಚಿಗುರು. ಇಷ್ಟು ಮೆಚ್ಚಿಯೂ ನಮ್ಮದೊಂದು ಆಕ್ಷೇಪವುಂಟು. ವ್ಯಾಸಂಗವು ವರ್ಷದೊಳಗೇ ಮುಗಿಯುತ್ತದೆ. ರಂಗದ ವ್ಯಾಕರಣಕ್ಕೆ ಅಷ್ಟು ಸಾಕಾದೀತು; ಕಂಠ ಮಾಗಲು ಸಾಲದು. ತಿರುಗಾಟಕ್ಕೆ ಸೇರಿದವರ ಕೊರತೆ ಊರೂರು ಅಲೆಯುವಾಗ ತುಂಬೀತು. ಸೇರದವರ ಗತಿ?

ಆದರೆ ಈ ತಪ್ಪನ್ನು ಹೆಗ್ಗೋಡಿನ ಮೇಲೆ ಮಾತ್ರ ಹೊರಿಸುವುದು ನ್ಯಾಯವಲ್ಲ. ಕಿವಿ ತಯಾರಾಗಬೇಕಾದದ್ದು ಪ್ರಾಥಮಿಕ ಶಾಲೆಯಲ್ಲಿ, ಅಂದರೆ ನಮ್ಮಲ್ಲಿ. ನಾವು ಹಾಡಿಸುವುದು ಎಷ್ಟು? ಪ್ರಾರ್ಥನೆ, ಸ್ವಾತಂತ್ರ್ಯೋತ್ಸವದ ಹಾಡು. ಅದೂ ಕೈಕಟ್ಟಿ ನಿಲ್ಲಿಸಿ! ನಮ್ಮ ನೀಲಗಿರಿಯ ಬಡಗರ ಹೆತ್ತೆ ಹಬ್ಬದಲ್ಲಿ ಹಾಗಲ್ಲ. ಹಿರಿಯರು ಸುತ್ತುಗಟ್ಟಿ ಕುಣಿಯುವಾಗ ಮಕ್ಕಳು ಅವರ ಪಾದಗಳನ್ನೇ ನೋಡಿ ಕುಣಿಯುತ್ತಾರೆ. ಹಾಡಿನ ಲಯ ಕಾಲಿನಿಂದ ಏರಿ ಬಾಯಿಗೆ ಬರುತ್ತದೆ. ನಮ್ಮ ತರಬೇತಿ ಪ್ರಮಾಣಪತ್ರದಲ್ಲಿ ಈ ಪಾಠವಿರಲಿಲ್ಲ.

ಈಚೆಗೆ ಕಲ್ಲಟ್ಟಿಯ ತಾಯಿಯೊಬ್ಬರು ಐದನೆಯ ತರಗತಿಯ ಮಗಳನ್ನು ಮುಂದೆ ನಿಲ್ಲಿಸಿ, “ಮೇಷ್ಟ್ರೇ, ಇವಳು ಸದಾ ಹಾಡುತ್ತಲೇ ಇರುತ್ತಾಳೆ. ಇದನ್ನು ಕಲಿಸುವ ಶಾಲೆ ಎಲ್ಲಿದೆ?” ಎಂದರು. ನಾವು ಹೆಗ್ಗೋಡಿನ ಹೆಸರು ಹೇಳಿದೆವು.

“ಅಲ್ಲಿಗೆ ಹೋಗುವಷ್ಟು ದೊಡ್ಡವಳಾಗಲು ಇನ್ನೂ ಹತ್ತು ವರ್ಷ ಬೇಕಲ್ಲ. ಅಲ್ಲಿಯವರೆಗೆ?”

ಉತ್ತರ ತೋಚಲಿಲ್ಲ. ಆ ವಾರದಿಂದ ಶುಕ್ರವಾರದ ಕೊನೆಯ ಅವಧಿಯಲ್ಲಿ ಬೆಂಚುಗಳನ್ನು ಗೋಡೆಗೆ ಸರಿಸುತ್ತಿದ್ದೇವೆ. ಹಾರ್ಮೋನಿಯಂ ಇಲ್ಲ. ತಾಳವನ್ನು ಆ ಹುಡುಗಿಯೇ ಹಿಡಿಯುತ್ತಾಳೆ.