ಶಾಪ ಯಾರದು, ಮರಳು ಯಾರ ಮನೆಗೆ?

ಹೋದ ವರ್ಷ ಟಿ. ನರಸೀಪುರದಲ್ಲಿ ಬಿ.ಎ. ತರಗತಿಗೆ ಪಾಠ ಮಾಡುತ್ತಿದ್ದಾಗ ಮಾತು ಅಲಮೇಲಮ್ಮನ ಕಡೆಗೆ ಹೊರಳಿತು. ತಲಕಾಡು, ಮಾಲಂಗಿ ಎರಡೂ ನಮ್ಮ ತಾಲ್ಲೂಕಿನ ಊರುಗಳೇ ಆದ್ದರಿಂದ ಈ ಕತೆ ಎತ್ತಿದರೆ ಸಾಕು, ಹುಡುಗರು ಮೈಯೆಲ್ಲ ಕಿವಿಯಾಗುತ್ತಾರೆ. ಕತೆ ಮುಗಿದ ಮೇಲೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ‘ಮೇಡಂ, ಆಯಮ್ಮ ಶಾಪ ಹಾಕ್ದಾಗ ನಮ್ಮ ಕೇರಿಯೋರು ಎಲ್ಲಿದ್ರು?’ ಅಂದಳು. ತರಗತಿ ನಕ್ಕಿತು. ನಾನೂ ನಕ್ಕುಬಿಟ್ಟೆ. ಹಾಗೆ ನಕ್ಕಿದ್ದಕ್ಕೆ ಆಮೇಲೆ ನಾಚಿಕೆಯಾಯಿತು. ಈ ಬರಹ ಆ ನಾಚಿಕೆಯಿಂದ ಹುಟ್ಟಿದ್ದು.

ಕತೆ ಎಲ್ಲರಿಗೂ ಗೊತ್ತಿರುವುದೇ. 1610ರಲ್ಲಿ ಮೈಸೂರಿನ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡರು. ಆ ಪ್ರತಿನಿಧಿಯ ಹೆಂಡತಿ ಅಲಮೇಲಮ್ಮ. ರಂಗನಾಯಕಿ ಅಮ್ಮನವರ ಅಲಂಕಾರಕ್ಕೆ ಕೊಡುತ್ತಿದ್ದ ಅವಳ ಒಡವೆಗಳನ್ನು ಕೇಳಿಕೊಂಡು ಅರಸನ ಆಳುಗಳು ಬಂದಾಗ ಅವಳು ಮೂಗುತಿಯೊಂದನ್ನು ಕೊಟ್ಟು, ಉಳಿದದ್ದನ್ನು ಮಡಿಲಿಗೆ ಕಟ್ಟಿಕೊಂಡು ಮಾಲಂಗಿಯಲ್ಲಿ ಕಾವೇರಿಗೆ ಬಿದ್ದಳು. ಬೀಳುವ ಮುನ್ನ ತಲಕಾಡಿಗೆ ಮರಳು, ಮಾಲಂಗಿಗೆ ಮಡು, ಮೈಸೂರು ದೊರೆಗಳಿಗೆ ಬಂಜೆತನ ಎಂದು ಮೂರು ಶಾಪ ಕೊಟ್ಟಳು ಎನ್ನುವುದು ಜನರ ನಂಬಿಕೆ. ಅರಮನೆಯವರು ಅವಳ ವಿಗ್ರಹ ಮಾಡಿಸಿ ಪೂಜೆ ನಡೆಸಿಕೊಂಡು ಬಂದರು. 2013ರಲ್ಲಿ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಮಕ್ಕಳಿಲ್ಲದೆ ತೀರಿಕೊಂಡಾಗ, 2015ರಲ್ಲಿ ದತ್ತು ಸ್ವೀಕಾರ ನಡೆದಾಗ, 2017ರಲ್ಲಿ ಆ ದತ್ತುಪುತ್ರನಿಗೆ ಮಗು ಹುಟ್ಟಿದಾಗ ಪತ್ರಿಕೆಗಳು ಅಲಮೇಲಮ್ಮನನ್ನು ಮತ್ತೆ ಮತ್ತೆ ನೆನೆದವು. ಶಾಪ ಇದೆಯೋ, ತೀರಿತೋ ಎಂಬುದೇ ಚರ್ಚೆ.

ಶಾಪದ ಈ ಮೂರು ಭಾಗಗಳನ್ನು ಬಿಡಿಸಿ ನೋಡೋಣ. ಅವುಗಳಲ್ಲಿ ಅರಸನಿಗೆ ತಟ್ಟುವುದು ಒಂದೇ ಒಂದು. ಮಿಕ್ಕ ಎರಡು ತಟ್ಟುವುದು ಅವಳ ಒಡವೆಯನ್ನು ಕಣ್ಣಿಂದಲೂ ಕಾಣದ ತಲಕಾಡು, ಮಾಲಂಗಿಯ ಜನಕ್ಕೆ. ಮರಳು ಬಂದು ಮುಚ್ಚಿದ್ದು ದೇವಸ್ಥಾನಗಳನ್ನು ಮಾತ್ರವೇ? ದೇವಸ್ಥಾನಗಳನ್ನು ಅಗೆದು ತೆಗೆದರು, ಪಂಚಲಿಂಗ ದರ್ಶನಕ್ಕೆ ಜಾತ್ರೆ ಸೇರಿಸಿದರು. ಹೊಲ, ಗುಡಿಸಲು, ಕೇರಿ ಇವನ್ನು ಯಾರು ಅಗೆದರು? ಅಣೆಕಟ್ಟು ಕಟ್ಟಿ ನದಿಯ ಹರಿವು ಬದಲಾದದ್ದು, ಒಣಗಿದ ಪಾತ್ರದ ಮರಳನ್ನು ಗಾಳಿ ಹೊತ್ತು ತಂದದ್ದು ಎಂದು ತಿಳಿದವರು ಕಾರಣ ಕೊಡುತ್ತಾರೆ. ಅದು ಒಪ್ಪುವ ಮಾತು. ಆದರೆ ಜನರ ಕತೆ ಆ ಕಾರಣವನ್ನು ಬಿಟ್ಟು ಹೆಣ್ಣೊಬ್ಬಳ ಬಾಯಿಗೆ ಅದನ್ನು ಕಟ್ಟಿತು. ಇದರಿಂದ ಒಂದು ಅನುಕೂಲವಾಯಿತು. ಅಣೆಕಟ್ಟು ಕಟ್ಟಿಸಿದ ಪ್ರಭುತ್ವವೂ ಒಡವೆ ಕೇಳಿದ ಪ್ರಭುತ್ವವೂ ಹಿಂದಕ್ಕೆ ಸರಿದು, ಊರು ಹಾಳಾದದ್ದು ಹೆಂಗಸಿನ ಬಾಯಿಂದ ಎಂದಾಯಿತು. ತಲಕಾಡೆಂಬ ಹೆಸರು ತಲ, ಕಾಡ ಎಂಬ ಇಬ್ಬರು ಬೇಡರಿಂದ ಬಂತೆಂದು ಸ್ಥಳಪುರಾಣವೇ ಹೇಳುತ್ತದೆ. ಆ ಬೇಡರ ಮನೆಯ ಹೆಂಗಸರ ಹೆಸರು ಯಾವ ಪುರಾಣಕ್ಕೂ ಬೇಕಾಗಲಿಲ್ಲ.

ಶಾಪ ಹಾಕುವುದು ನಮ್ಮ ಕೇರಿಗಳಿಗೆ ಹೊಸದೇನಲ್ಲ. ನಾನು ಚಿಕ್ಕವಳಿದ್ದಾಗ ನಂಜನಗೂಡು ಕಡೆಯ ನಮ್ಮ ಊರಿನಲ್ಲಿ ನಾಟಿ ಹಾಕಿದ ಕೂಲಿಯನ್ನು ಗದ್ದೆಯವರು ತಿಂಗಳುಗಟ್ಟಲೆ ಕೊಡದಿದ್ದಾಗ ನಮ್ಮವ್ವ ಅವರ ಮನೆಯ ಮುಂದೆ ನಿಂತು ಎರಡು ಕೈಯಲ್ಲೂ ಮಣ್ಣು ತೂರಿದ್ದನ್ನು ಕಂಡಿದ್ದೇನೆ. ಅವಳಿಗೆ ವಿಗ್ರಹ ಮಾಡಿಸುವುದಿರಲಿ, ‘ಬಾಯಿಬಡಕಿ’ ಎಂಬ ಹೆಸರು ಬಂತು. ಮುಂದಿನ ವರ್ಷ ನಾಟಿಗೆ ಕರೆಯಲಿಲ್ಲ. ಒಡವೆ ಕಳೆದುಕೊಂಡವಳ ಮಾತು ಚರಿತ್ರೆಯಾಗಿ ನಾನೂರು ವರ್ಷ ನಿಲ್ಲುತ್ತದೆ, ಕೂಲಿ ಕಳೆದುಕೊಂಡವಳ ಮಾತು ಸಂಜೆಯ ಹೊತ್ತಿಗೆ ಬೀದಿಜಗಳವಾಗುತ್ತದೆ. ಅಲಮೇಲಮ್ಮನ ದುಃಖ ಸುಳ್ಳೆಂದು ನಾನು ಹೇಳುತ್ತಿಲ್ಲ. ಗಂಡಸರ ಯುದ್ಧದಲ್ಲಿ ಎಲ್ಲ ಕಳೆದುಕೊಂಡ ಹೆಣ್ಣು ಅವಳು. ಆದರೆ ಹೆಣ್ಣಿನ ಮಾತಿಗೆ ಬೆಲೆ ಬರುವುದಕ್ಕೂ ಜಾತಿ, ಒಡವೆ ಬೇಕೆಂಬುದನ್ನು ಸ್ತ್ರೀವಾದಿ ಗೆಳತಿಯರೂ ಗಮನಿಸಬೇಕು.

ಈಗ ಶಿಷ್ಟ ಕಾವ್ಯಕ್ಕೆ ಬರೋಣ. ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ದಲ್ಲಿ ಇಬ್ಬರು ಹೊಲತಿಯರು ಬರುತ್ತಾರೆ. ಹರಿಶ್ಚಂದ್ರನನ್ನು ಕೆಡಿಸಲೆಂದೇ ವಿಶ್ವಾಮಿತ್ರ ಅವರನ್ನು ಸೃಷ್ಟಿಸಿ ಕಳಿಸುತ್ತಾನೆ. ಕವಿ ಅವರನ್ನು ಕರೆಯುವುದು ಅನಾಮಿಕೆಯರೆಂದು. ಅನಾಮಿಕ ಎನ್ನುವುದು ಆ ಕಾಲದಲ್ಲಿ ಹೊಲೆಯ ಎಂಬುದಕ್ಕೆ ಮರುಮಾತು. ಹೆಸರಿಲ್ಲದಿರುವುದೇ ಇಲ್ಲಿ ಜಾತಿಯ ಹೆಸರು. ಅವರು ಹಾಡುತ್ತಾರೆ, ಕುಣಿಯುತ್ತಾರೆ, ದೊರೆ ಮೆಚ್ಚಿ ಒಡವೆ ಕೊಡಲು ಬರುತ್ತಾನೆ. ಅವರು ಒಡವೆ ಒಲ್ಲೆವೆಂದು ಅವನ ಸತ್ತಿಗೆಯನ್ನು ಕೇಳುತ್ತಾರೆ. ಅದು ಕೊಡುವಂಥದ್ದಲ್ಲ ಎಂದಾಗ, ಹಾಗಾದರೆ ನೀನೇ ನಮಗೆ ಗಂಡನಾಗು ಎನ್ನುತ್ತಾರೆ. ಕುಲದ ಮಾತು ಬರುವುದು ಆಗ. ನಮ್ಮ ಹಾಡು ಕೇಳಿದ ಕಿವಿ ಮೈಲಿಗೆಯಾಗಲಿಲ್ಲ, ನಮ್ಮ ರೂಪು ನೋಡಿದ ಕಣ್ಣು ಮೈಲಿಗೆಯಾಗಲಿಲ್ಲ, ಮುಟ್ಟುವುದೊಂದು ಮಾತ್ರ ಹೇಗೆ ಮೈಲಿಗೆ ಎಂದು ಅವರು ವಾದ ಹೂಡುತ್ತಾರೆ. ನೋಡುವುದು ಕೇಳುವುದು ದೂರದಿಂದ ಆಗುವಂಥದ್ದು, ಮುಟ್ಟುವುದು ಹಾಗಲ್ಲ ಎಂಬ ಧಾಟಿಯ ಉತ್ತರ ದೊರೆಯದು. ಅದು ಉತ್ತರವಲ್ಲವೆಂದು ಅವನಿಗೂ ಗೊತ್ತಿರಬೇಕು. ಕೊನೆಗೆ ಅವರನ್ನು ಹೊಡೆದು ಅಟ್ಟುತ್ತಾನೆ.

ಈ ಭಾಗವನ್ನು ದಲಿತ ವಿಮರ್ಶೆ ಮತ್ತೆ ಮತ್ತೆ ಎತ್ತಿ ಹೇಳಿದೆ. ಹದಿಮೂರನೇ ಶತಮಾನದಲ್ಲೇ ಅಸ್ಪೃಶ್ಯತೆಯ ತರ್ಕವನ್ನು ಪ್ರಶ್ನಿಸಿದ ಹೆಣ್ಣುಮಕ್ಕಳೆಂದು ನಾವು ಹೆಮ್ಮೆಯಿಂದ ಪಾಠ ಮಾಡುತ್ತೇವೆ, ನಾನೂ ಮಾಡುತ್ತೇನೆ. ಅಲ್ಲಿಗೆ ನಿಂತರೆ ಮಾತ್ರ ಅರ್ಧ ಓದು ಎನ್ನಬೇಕಾಗುತ್ತದೆ. ಆ ಪ್ರಶ್ನೆ ದೊಡ್ಡದು, ನಿಜ. ಆದರೆ ಅದನ್ನು ಕೇಳಲು ಅವರು ತಾವಾಗಿ ಬಂದವರಲ್ಲ. ಬ್ರಹ್ಮರ್ಷಿಯೊಬ್ಬ ತನ್ನ ಹಗೆ ತೀರಿಸಿಕೊಳ್ಳಲು ದೊರೆಯ ಮೇಲೆ ಬಿಟ್ಟವರು. ಹೊಡೆತ ತಿಂದದ್ದು ಅವರ ಮೈ, ಪಂತವೆಲ್ಲ ಇಬ್ಬರು ಗಂಡಸರ ನಡುವೆ. ಪೆಟ್ಟು ತಿಂದು ಅಳುತ್ತ ಬಂದವರನ್ನು ಮುಂದಿಟ್ಟುಕೊಂಡು ವಿಶ್ವಾಮಿತ್ರ ದೊರೆಯನ್ನು ಕಟ್ಟಿಹಾಕುತ್ತಾನೆ. ಇವರನ್ನು ಮದುವೆಯಾಗುವುದಕ್ಕಿಂತ ರಾಜ್ಯ ಬಿಟ್ಟುಕೊಡುವುದೇ ಲೇಸೆಂದು ದೊರೆ ರಾಜ್ಯ ಬಿಡುತ್ತಾನೆ. ಕತೆಯ ಭಾರ ಹರಿಶ್ಚಂದ್ರನ ಮೇಲೆ ಬಿದ್ದ ಮೇಲೆ ಆ ಹೆಂಗಸರ ಅಗತ್ಯ ಕಾವ್ಯಕ್ಕೆ ತೀರುತ್ತದೆ.

ಮುಂದೆ ಇದೇ ದೊರೆ ವೀರಬಾಹುವಿನ ಆಳಾಗಿ ಸುಡುಗಾಡು ಕಾಯುತ್ತಾನೆ. ಚಂಡಾಲನ ಆಳಾಗುವುದು ಅವನ ಸತ್ಯಕ್ಕೆ ಮೆರುಗು ಕೊಡುತ್ತದೆ, ಹೊಲತಿಯ ಕೈಹಿಡಿಯುವುದು ಮಾತ್ರ ಆಗದು. ಗಂಡು ಕೆಳಗಿಳಿದು ದುಡಿದರೆ ತಪಸ್ಸು, ಕೆಳಗಿನ ಹೆಣ್ಣು ಮೇಲೆ ಬರಲು ಕೇಳಿದರೆ ಏಟು. ಇತ್ತ ಚಂದ್ರಮತಿಯೂ ಮಾರಾಟವಾಗುತ್ತಾಳೆ. ಆದರೆ ಅವಳಿಗೆ ಹೆಸರಿದೆ, ಮಗನಿದ್ದಾನೆ, ಮರಳಿ ಸಿಗುವ ಅರಮನೆ ಇದೆ. ನಮ್ಮ ಕ್ಲಾಸಿಕ್ಕುಗಳಲ್ಲಿ ಮರಳಿ ಮರಳಿ ಬರುವ ಸತಿಯ ಪರೀಕ್ಷೆ ಎಂಬ ವಸ್ತುವನ್ನು ಈ ಕಣ್ಣಿಂದ ನೋಡಬೇಕು. ಸೀತೆಗೆ, ದ್ರೌಪದಿಗೆ, ಚಂದ್ರಮತಿಗೆ ಪರೀಕ್ಷೆ ಇದೆ. ಹೊಲತಿಗೆ ಪರೀಕ್ಷೆಯೂ ಇಲ್ಲ. ಅವಳೇ ಬೇರೆಯವರ ಪರೀಕ್ಷೆಯ ಸಾಮಾನು.

ಹೆಂಗಸರೇ ಬರೆದದ್ದನ್ನು ತೆಗೆದುಕೊಂಡರೆ ಚಿತ್ರ ಬದಲಾಗುತ್ತದೆಯೇ? ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯಲ್ಲಿ ಎಲೆಅಡಿಕೆಯ ಸಂಚಿ ಹಿಡಿಯುತ್ತಿದ್ದ ಹೊನ್ನಮ್ಮ ಸಾಂಗತ್ಯದಲ್ಲಿ ‘ಹದಿಬದೆಯ ಧರ್ಮ’ ಬರೆದಳು. ಹೆಣ್ಣೆಂದು ಹಳಿಯುವವರನ್ನು ಅವಳು ತರಾಟೆಗೆ ತಗೊಂಡ ಪದ್ಯವನ್ನು ಎಲ್ಲರೂ ಹೇಳುತ್ತಾರೆ. ಆದರೆ ಆ ಕೃತಿಯ ಬಹುಭಾಗ ಹೇಳುವುದು ಗಂಡನ ಸೇವೆಯನ್ನು, ಹೊಸಿಲೊಳಗಿನ ಬಾಳನ್ನು. ಊಳಿಗದಲ್ಲಿದ್ದವಳು ಊಳಿಗದ ಕಷ್ಟವನ್ನು ಬರೆಯದೆ ಗರತಿಯ ಧರ್ಮ ಬರೆಯಬೇಕಾಯಿತು. ಹೊಸಿಲೊಳಗೆ ಇರಬೇಕೆಂಬ ಧರ್ಮ ಬೆಳಗಾದರೆ ಪರರ ಗದ್ದೆಗೆ ಇಳಿಯಬೇಕಾದ ಹೆಂಗಸಿಗೆ ಹೇಗೆ ಒದಗುತ್ತದೆ? ಅವಳು ಹೊಟ್ಟೆಪಾಡಿಗೆ ಹೊಸಿಲು ದಾಟಿದ್ದರಿಂದಲೇ ಈ ಲೆಕ್ಕದಲ್ಲಿ ಕೆಟ್ಟವಳಾಗುತ್ತಾಳೆ.

ಇದಕ್ಕೂ ಐದು ಶತಮಾನ ಹಿಂದೆ ಉರಿಲಿಂಗಪೆದ್ದಿಯ ಹೆಂಡತಿ ಕಾಳವ್ವೆ ಆಹಾರದ ಮೇಲಿನ ಜಾತಿಲೆಕ್ಕವನ್ನೇ ತಿರುಗಿಸಿ ಕೇಳಿದಳು. ಕುರಿ ಕೋಳಿ ತಿಂದವರು ಕುಲಜರಾಗಿ, ದನ ತಿನ್ನುವ ಮಾದಿಗ ಮಾತ್ರ ಹೇಗೆ ಕೀಳಾದ ಎಂಬ ಅವಳ ಪ್ರಶ್ನೆಯಲ್ಲಿ ಯಾವ ಋಷಿಯ ಪ್ರೇರಣೆಯೂ ಇಲ್ಲ, ಅದು ಅವಳ ಅಡುಗೆ ಒಲೆಯಿಂದ ಬಂದದ್ದು. ಹಾಗಿದ್ದೂ ಅವಳ ಅಂಕಿತ ಉರಿಲಿಂಗಪೆದ್ದಿಗಳರಸ. ಗಂಡನ ಹೆಸರಿನ ಮೂಲಕವೇ ಅವಳು ದೇವರನ್ನು ಕರೆಯುತ್ತಾಳೆ. ಇದನ್ನು ಅವಳ ಕೊರತೆ ಎಂದು ಹೇಳಬೇಕಾಗಿಲ್ಲ, ಆದರೆ ಗಮನಿಸದೆ ಬಿಡುವುದೂ ಸರಿಯಲ್ಲ.

ಶಿಷ್ಟದಲ್ಲಿ ಸಿಗದ್ದು ಜಾನಪದದಲ್ಲಿ ಸಿಗುತ್ತದೆಂದು ಹೇಳುವುದು ನಮ್ಮಲ್ಲಿ ರೂಢಿ. ನಂಜನಗೂಡಿನ ನಂಜುಂಡೇಶ್ವರನ ಕತೆಯನ್ನೇ ನೋಡಿ. ಪುರಾಣದ ನಂಜುಂಡ ವಿಷ ಕುಡಿದವನು. ನಮ್ಮ ಕಡೆಯ ಹಾಡುಗಾರರ ನಂಜುಂಡ ಮನೆಯಲ್ಲಿ ದೇವೀರಿಯನ್ನು ಬಿಟ್ಟು ಬೆಟ್ಟದ ಚಾಮುಂಡಿಗೆ ಒಲಿದವನು. ಮಹಿಷನನ್ನು ಕೊಂದ ಉಗ್ರಮಾತೆ ಇಲ್ಲಿ ಪ್ರೀತಿ ಮಾಡುತ್ತಾಳೆ, ಸವತಿಯೊಡನೆ ಬೀದಿಗಿಳಿದು ಜಗಳ ಆಡುತ್ತಾಳೆ. ಪಿ.ಕೆ. ರಾಜಶೇಖರ ಅವರು ಸಂಪಾದಿಸಿದ ‘ಬೆಟ್ಟದ ಚಾಮುಂಡಿ’ಯಂಥ ಸಂಗ್ರಹಗಳು ಈ ಲೋಕವನ್ನು ಉಳಿಸಿಕೊಟ್ಟಿವೆ. ಬಾಯಿ ಇರುವ ಹೆಣ್ಣು ಇಲ್ಲಿದ್ದಾಳೆ. ಆದರೂ ಜಗಳ ನಡೆಯುವುದು ಇಬ್ಬರು ಹೆಂಗಸರ ನಡುವೆ, ನಂಜುಂಡ ಇಬ್ಬರಿಗೂ ಬೇಕಾದವನಾಗಿ ಉಳಿಯುತ್ತಾನೆ. ಗಂಡುದೇವರಿಗೆ ಒಲಿಯುವ ಸಲಿಗೆ ಇದೆ. ಈ ಸಲಿಗೆ ಮನುಷ್ಯರಿಗೆ ಇದೆಯೇ?

ಇಲ್ಲವೆಂದು ಹೇಳಿದವರು ಇದೇ ನಂಜನಗೂಡು ತಾಲ್ಲೂಕಿನ ದೇವನೂರ ಮಹಾದೇವ. 1984ರಲ್ಲಿ ಬಂದ ‘ಕುಸುಮಬಾಲೆ’ಯಲ್ಲಿ ಮೇಲ್ಜಾತಿಯ ಕುಸುಮಳಿಗೆ ಒಲಿದ ಚೆನ್ನ ಕೊಲೆಯಾಗುತ್ತಾನೆ. ಮಂಚವೂ ಜೋತಮ್ಮಗಳೂ ಮಾತಾಡುವ ಆ ಊರಿನಲ್ಲಿ ಈ ಒಲವಿಗೆ ಮಾತ್ರ ಬದುಕುವ ಜಾಗವಿಲ್ಲ. ಇನ್ನು ‘ಒಡಲಾಳ’ದ ಸಾಕವ್ವ ಕಳೆದುಹೋದ ತನ್ನ ಹುಂಜವನ್ನು ಹುಡುಕುತ್ತಾಳೆ. ಯಾರ ಸತ್ಯದ ಪರೀಕ್ಷೆಗೂ ಅವಳು ಸಾಮಾನಲ್ಲ. ಹುಂಜ ಅವಳದು, ಸಿಟ್ಟು ಅವಳದು, ಮನೆಯ ಯಜಮಾನಿಕೆಯೂ ಅವಳದು. ರಾಘವಾಂಕನ ಅನಾಮಿಕೆಯರಿಗೆ ಹೆಸರು ಬರುವುದಕ್ಕೆ ಕನ್ನಡ ಏಳು ನೂರು ವರ್ಷಕ್ಕೂ ಹೆಚ್ಚು ಕಾಯಬೇಕಾಯಿತು ಎಂದು ನನಗೆ ಅನ್ನಿಸುವುದು ಸಾಕವ್ವನನ್ನು ಓದುವಾಗ.

ಮುಟ್ಟುವ ಪ್ರಶ್ನೆ ಪುಸ್ತಕದಲ್ಲಿ ಮುಗಿದಿಲ್ಲ. ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ ನಮ್ಮ ಹೆಂಗಸರು ಖಾದಿ ನೂತರು, ಅದನ್ನು ನೋಡಲು 1927ರಲ್ಲಿ ಗಾಂಧಿ ಬಂದಿದ್ದರು. ಅವರ ಕೈಯ ನೂಲು ಬಟ್ಟೆಯಾಗಿ ಎಲ್ಲ ಜಾತಿಯವರ ಮೈಮುಟ್ಟಿತು, ಯಾರಿಗೂ ಮೈಲಿಗೆಯಾಗಲಿಲ್ಲ. ಅದೇ ಊರಿನಲ್ಲಿ ದೇವಸ್ಥಾನ ಪ್ರವೇಶದ ಜಗಳದ ಬೆನ್ನಿಗೆ 1993ರಲ್ಲಿ ಮೂವರು ದಲಿತರ ಕೊಲೆಯಾಯಿತು. ನೂಲು ಒಳಗೆ ಹೋಗಬಹುದು, ನೂತವರು ಹೋಗಬಾರದು. ಹಾಡು ಕೇಳಬಹುದು, ಹಾಡಿದವರನ್ನು ಮುಟ್ಟಬಾರದು ಎಂದ ಹರಿಶ್ಚಂದ್ರನ ತರ್ಕವೇ ಇದು. ಬದನವಾಳು ಎಂದಾಗ ನಾವು ಸತ್ತ ಗಂಡಸರನ್ನು ನೆನೆಯುತ್ತೇವೆ, ನೆನೆಯಲೇಬೇಕು. ಆಮೇಲೆ ಆ ಮನೆಗಳನ್ನು ನಡೆಸಿದ ಹೆಂಗಸರ ಬಗ್ಗೆ ನಮ್ಮ ಚಳವಳಿಯ ಬರಹಗಳಲ್ಲಿ ಎಷ್ಟು ಪುಟವಿದೆ ಎಂದು ನಾವೇ ಕೇಳಿಕೊಳ್ಳಬೇಕು. ಮೆರವಣಿಗೆಯಲ್ಲಿ ಮುಂದೆ ನಡೆಯಲು ಅವ್ವಂದಿರು ಬೇಕು, ವೇದಿಕೆಯ ಮೇಲೆ ಕುರ್ಚಿ ಹಾಕುವಾಗ ನೆನಪಾಗುವುದಿಲ್ಲ. ಇದು ವಿಶ್ವಾಮಿತ್ರನ ಕೆಲಸಕ್ಕೆ ತೀರ ದೂರದ್ದೇನಲ್ಲ.

ಅನಾಮಿಕೆಯರ ಕತೆಯನ್ನು ಒಂದು ಸಂಜೆ ಅವ್ವನಿಗೆ ಹೇಳಿದೆ. ಅವಳು ಕೇಳಿ, ‘ಕೊಡೆ ಕೇಳುದ್ರಲ್ಲಿ ತಪ್ಪೇನವ್ವ? ಬಿಸ್ಲಲ್ಲಿ ಕುಣುದೋರು ಅವ್ರಲ್ವಾ?’ ಅಂದಳು. ಸತ್ತಿಗೆ ಎಂದರೆ ರಾಜ್ಯಲಕ್ಷ್ಮಿಯ ಸಂಕೇತ, ಅಧಿಕಾರದ ಲಾಂಛನ ಎಂದು ನಾನು ಎಂ.ಎ.ನಲ್ಲಿ ಬರೆದು ಅಂಕ ತಗೊಂಡಿದ್ದೆ. ಅದು ಬಿಸಿಲಿಗೆ ಹಿಡಿಯುವ ಕೊಡೆ ಎಂಬುದು ಹೊಳೆದಿರಲಿಲ್ಲ. ಗದ್ದೆಯಲ್ಲಿ ಬಗ್ಗಿದ ಬೆನ್ನಿಗೆ ಅದು ಮೊದಲು ಹೊಳೆಯಿತು. ದಲಿತ ವಿಮರ್ಶೆ ಎಂದು ನಾವು ಕರೆಯುವುದು ಈ ಓದಿಗೆ ಜಾಗ ಕೊಡಬೇಕು, ಆಗ ಅವ್ವನ ಮಾತೂ ವಿಮರ್ಶೆಯ ಮಾತೇ ಆಗುತ್ತದೆ.

ಮಾರನೇ ದಿನ ತರಗತಿಗೆ ಹೋಗಿ ಆ ಹುಡುಗಿಯನ್ನು ಎಬ್ಬಿಸಿ, ನಕ್ಕಿದ್ದು ನನ್ನ ತಪ್ಪೆಂದು ಒಪ್ಪಿಕೊಂಡೆ. ಪುಸ್ತಕದಲ್ಲಿ ನಿನ್ನ ಪ್ರಶ್ನೆಗೆ ಉತ್ತರ ಸಿಕ್ಕಲಿಲ್ಲ, ನಿಮ್ಮ ಅಜ್ಜಿಯನ್ನು ಕೇಳಿ ಬರೆದುಕೊಂಡು ಬಾ ಎಂದೆ. ಅವಳು ಎರಡು ಹಾಳೆ ಬರೆದು ತಂದಳು. ಅದರಲ್ಲಿ ಅಲಮೇಲಮ್ಮನ ಹೆಸರು ಎಲ್ಲೂ ಇಲ್ಲ. ಹೊಳೆ ಬಂದ ವರ್ಷ, ಕೂಲಿ ಸಿಕ್ಕದ ವರ್ಷ, ಮಗು ಹೋದ ವರ್ಷ ಎಂದು ಅಜ್ಜಿ ಕಾಲವನ್ನು ಎಣಿಸಿದ್ದಾಳೆ. ಆ ಹಾಳೆಗಳನ್ನು ಈಗ ಪಠ್ಯಪುಸ್ತಕದ ಜೊತೆಗೇ ಇಟ್ಟುಕೊಂಡು ಪಾಠಕ್ಕೆ ಹೋಗುತ್ತೇನೆ.