ಎರಡು ಬಾಟಲಿಗಳ ಜಾಣ್ಮೆ

ಕ್ಯಾಲ್ಸಿಯಂ ನೈಟ್ರೇಟಿನ ಗಟ್ಟಿ ದ್ರಾವಣಕ್ಕೆ ಎಪ್ಸಮ್ ಉಪ್ಪಿನ ಗಟ್ಟಿ ದ್ರಾವಣ ಸುರಿದರೆ ತಿಳಿನೀರು ಹಾಲಿನಂತೆ ಬೆಳ್ಳಗಾಗುತ್ತದೆ. ತಳಕ್ಕಿಳಿಯುವ ಆ ಗಸಿ ಜಿಪ್ಸಂ. ಗಿಡಕ್ಕೆ ಸೇರಬೇಕಿದ್ದ ಕ್ಯಾಲ್ಸಿಯಂ, ಗಂಧಕ ಎರಡೂ ಅಲ್ಲೇ ಉಳಿದುಬಿಡುತ್ತವೆ. ಪೋಷಕಗಳನ್ನು ‘ಎ’, ‘ಬಿ’ ಎಂದು ಬೇರೆ ಬೇರೆ ಬಾಟಲಿಗಳಲ್ಲಿ ಮಾರುವುದು ಇದಕ್ಕೇ, ವ್ಯಾಪಾರದ ಗಿಮಿಕ್ಕಿಗಲ್ಲ. ಮೊದಲು ಬಕೆಟ್ ತುಂಬ ನೀರು, ಅದಕ್ಕೆ ಒಂದನ್ನು ಹಾಕಿ ಕಲಕಿ, ಆಮೇಲೆ ಇನ್ನೊಂದು. ತೆಳುವಾದ ನೀರಿನಲ್ಲಿ ಇಬ್ಬರಿಗೂ ಜಗಳವಿಲ್ಲ.

ಪೋಷಕಗಳನ್ನು ನೀರಿನಲ್ಲೇ ಉಣಿಸಿ ಗಿಡ ಬೆಳೆಸುವ ಈ ವಿದ್ಯೆ ಹಳೆಯದು. ಜರ್ಮನಿಯ ಯೂಲಿಯುಸ್ ಫಾನ್ ಸಾಕ್ಸ್ 1860ರ ಸುಮಾರಿಗೇ ಲವಣ ಕರಗಿಸಿದ ನೀರಿನಲ್ಲಿ, ಮಣ್ಣಿಲ್ಲದೆ ಗಿಡ ಬೆಳೆಸಿದ್ದರು. ಕ್ಯಾಲಿಫೋರ್ನಿಯಾದ ಹೋಗ್ಲೆಂಡ್ ಮತ್ತು ಆರ್ನನ್ 1938ರಲ್ಲಿ ಪ್ರಕಟಿಸಿದ ಪಾಕ ಪ್ರಯೋಗಾಲಯಗಳಲ್ಲಿ ಇಂದಿಗೂ ಬಳಕೆಯಲ್ಲಿದೆ.

ಮನೆಯೊಳಗಿನ ಕೋಕೋಪೀಟ್ ಕುಂಡಕ್ಕೆ ಕೈಯಾರೆ ನೀರುಣಿಸುವವರು ಸಾಮಾನ್ಯವಾಗಿ ಹಿಡಿಯುವುದು ಗೊಬ್ಬರದಂಗಡಿಯ 19:19:19 ಪುಡಿಯನ್ನು. ಅಗ್ಗ, ಸಲೀಸು, ನಿಜ. ಆದರೆ ಅದರಲ್ಲಿ ಕ್ಯಾಲ್ಸಿಯಂ ಇಲ್ಲ. ಸಾರಜನಕದ ದೊಡ್ಡ ಪಾಲು ಯೂರಿಯಾ, ಅದನ್ನು ಸೂಕ್ಷ್ಮಾಣುಗಳು ಒಡೆದುಕೊಟ್ಟರೇ ಬೇರಿಗೆ ಚೆನ್ನಾಗಿ ದಕ್ಕುವುದು.

ಇನ್ನು ನೀರು. ಬೆಂಗಳೂರಿನ ಎಷ್ಟೋ ಬೋರ್‌ವೆಲ್‌ಗಳ ನೀರು ಗಡಸು. ಚಿಟಿಕೆ ಗೊಬ್ಬರ ಬೀಳುವ ಮೊದಲೇ, ಕರಗಿದ ಲವಣವನ್ನು ಅಂದಾಜಿಸುವ ಇಸಿ ಮೀಟರಿನ ಅಂಕಿ ಮೇಲೇರಿರುತ್ತದೆ. ಅದರ ಬೈಕಾರ್ಬನೇಟ್ ಪಿಎಚ್ ಅನ್ನೂ ಎತ್ತುತ್ತದೆ. 5.5ರಿಂದ 6.5ರೊಳಗೆ ನಿಲ್ಲಿಸದಿದ್ದರೆ ಕಬ್ಬಿಣ ಬೇರಿಗೆ ಸಿಗದೆ, ಚಿಗುರೆಲೆ ಹಳದಿಯಾಗಿ ನರಗಳಷ್ಟೇ ಹಸಿರಾಗಿ ಉಳಿಯುತ್ತವೆ. ಗೊಬ್ಬರ ಸಾಲದೆಂದು ಇನ್ನಷ್ಟು ಸುರಿಯುವ ಕೈಗಳೇ ಹೆಚ್ಚು!

ಬಲ್ಲವರು ಕುಂಡದ ತಳದಿಂದ ಸ್ವಲ್ಪ ಹೊರಹರಿಯುವಷ್ಟು ಹನಿಸಿ, ಆ ನೀರನ್ನು ತಟ್ಟೆಯಲ್ಲಿ ನಿಲ್ಲಗೊಡದೆ ಚೆಲ್ಲುತ್ತಾರೆ. ಉಳಿದ ಲವಣ ತೊಳೆದುಹೋಗುತ್ತದೆ. ಬೋರ್‌ವೆಲ್ ನೀರಿಗೆ ಮಹಡಿಯ ಮಳೆನೀರು ಬೆರೆಸಿಕೊಂಡರೆ ಪಿಎಚ್ ಇಳಿಸುವ ಆಮ್ಲದ ಖರ್ಚೂ ತಗ್ಗುತ್ತದೆ.